ಸೆಳೆತ ಬಂದ ದಿನ ಹಾಲು ಕರೆಯುವವರು ಯಾರು?

"ಮೇಡಂ, ಹಸಕ್ಕೆ ಹಾಕಿದ್ರಲ್ಲ ಆ ನೋವಿನ ಇಂಜೆಕ್ಷನ್ನು, ಸೀಸೆಯಲ್ಲಿ ಇನ್ನೂ ಮಿಕ್ಕೈತೆ. ನಂಗೂ ಒಂದು ಹಾಕಿಬಿಡಿ."

ಬೇತಮಂಗಲದ ಸುತ್ತಲ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಈ ಮಾತು ಕೇಳದೆ ನನಗೆ ಒಂದು ತಿಂಗಳೂ ಕಳೆಯುವುದಿಲ್ಲ. ಹೇಳುವವರು ನಗುತ್ತಲೇ ಹೇಳುತ್ತಾರೆ. ಆದರೆ ಅವರ ಒಂದು ಕೈ ಸೊಂಟದ ಮೇಲಿರುತ್ತದೆ, ಇಲ್ಲವೇ ಬಲಗೈ ಮಣಿಕಟ್ಟನ್ನು ಎಡಗೈ ಹಿಡಿದಿರುತ್ತದೆ. ಅರ್ಧ ತಮಾಷೆ, ಅರ್ಧ ನಿಜ ಎಂದು ನೋಡಿದರೆ ಗೊತ್ತಾಗುತ್ತದೆ.

ಅದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ: ಆಗುವುದಿಲ್ಲ ಅಕ್ಕ. ಆ ಸೀಸೆಯಲ್ಲಿರುವ ಔಷಧದ ಪ್ರಮಾಣ 400 ಕೆಜಿ ತೂಗುವ ಹಸುವಿನ ಲೆಕ್ಕದ್ದು. ಹೆಸರು ಒಂದೇ ಇದ್ದರೂ ಮನುಷ್ಯರ ಔಷಧಕ್ಕೂ ಅದಕ್ಕೂ ಸಾಂದ್ರತೆ ಬೇರೆ, ತಯಾರಿಕೆ ಬೇರೆ. ನೋವು ನಿವಾರಕಗಳು ಮೂತ್ರಪಿಂಡದ ಮೇಲೆ ಹೊರೆ ಹಾಕುತ್ತವೆ. ಸಕ್ಕರೆ ಕಾಯಿಲೆಯೋ ಬಿಪಿಯೋ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವನ್ನು ದನಗಳಿಗೆ ಕೊಡುವುದನ್ನು 2006ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರು. ಆ ಔಷಧ ಹಾಕಿದ್ದ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ದನದ ಮೈಯಲ್ಲಿ ಉಳಿದಿದ್ದ ಚೂರು ಔಷಧವೇ ಹಕ್ಕಿಗೆ ಅಷ್ಟು ಮಾಡಿತು. ಸೀಸೆಯಲ್ಲಿ ಮಿಕ್ಕಿದ್ದನ್ನು ನಿಮಗೆ ಹಾಕಲು ನನಗೆ ಧೈರ್ಯವೂ ಇಲ್ಲ, ಕಾನೂನಿನ ಅಧಿಕಾರವೂ ಇಲ್ಲ.

ಆದರೆ ಬರೀ "ಆಗುವುದಿಲ್ಲ" ಎಂದು ಹೇಳಿ ಗಾಡಿ ಹತ್ತಿದರೆ ಆ ಅಕ್ಕನ ನೋವು ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಹಸು ಮೇವು ಬಿಟ್ಟರೆ ಹತ್ತು ನಿಮಿಷದಲ್ಲಿ ನಮಗೆ ಫೋನ್ ಬರುತ್ತದೆ. ಹಸು ಕರೆಯುವವರಿಗೆ ಸೊಂಟ ಹಿಡಿದರೆ ಯಾರಿಗೂ ಫೋನ್ ಹೋಗುವುದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಗಂಡಸರು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೊರಟು, ಬೆಂಗಳೂರಿನಲ್ಲಿ ದುಡಿದು ರಾತ್ರಿ ಬರುತ್ತಾರೆ. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಕರೆಯುವುದು, ಕ್ಯಾನ್ ಹೊತ್ತು ಡೇರಿಗೆ ಹೋಗುವುದು ಎಲ್ಲ ಒಂದೇ ಮೈ ಮೇಲೆ. ಅಂಥ ಮೈಗೆ ನರದ ಸೆಳೆತವೋ ಸ್ನಾಯು ನೋವೋ ಕೆರಳಿ ಮೂರು ದಿನ ಏಳಲಾಗದಿದ್ದರೆ ಏನು ಮಾಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. ನಾನು ದನದ ಡಾಕ್ಟರು. ನಿಮ್ಮ ಕಾಯಿಲೆಗೆ ಔಷಧ ಬರೆಯುವವರು ಬೇರೆ. ಆದರೆ ಕೊಟ್ಟಿಗೆಯ ಕೆಲಸವನ್ನು ಹೇಗೆ ಹಂಚಬಹುದು, ಹೇಗೆ ಹಗುರ ಮಾಡಬಹುದು ಎಂದು ಹೇಳುವುದು ನನ್ನ ಕೆಲಸವೇ.

ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೂ ನೋವು ನಿಜ

ರಾತ್ರಿ ಎರಡು ಗಂಟೆಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸ್ವಲ್ಪ ಹಗುರ. ಇದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ. ಸೊಂಟದಿಂದ ತೊಡೆಯ ಹಿಂಭಾಗದಲ್ಲಿ ಇಳಿದು ಪಾದದವರೆಗೆ ಕರೆಂಟು ಹೊಡೆದಂತೆ ಬರುವುದು ಇನ್ನೊಂದು ಬಗೆ, ಅದು ಸಯಾಟಿಕ. ಮೂರನೆಯದು ಹೇಳಿಕೊಳ್ಳಲು ಎಲ್ಲಕ್ಕಿಂತ ಕಷ್ಟದ್ದು. ಭುಜ, ಬೆನ್ನು, ತೊಡೆ, ಕತ್ತು ಎಲ್ಲ ಕಡೆ ತಿಂಗಳುಗಟ್ಟಲೆ ನೋವು, ನಿದ್ದೆ ಮಾಡಿ ಎದ್ದರೂ ಸುಸ್ತು. ರಕ್ತ ಪರೀಕ್ಷೆ ಸರಿ, ಎಕ್ಸ್‌ರೇ ಸರಿ. ವೈದ್ಯರು ಇದನ್ನು ಫೈಬ್ರೊಮಯಾಲ್ಜಿಯ ಎನ್ನುತ್ತಾರೆ. ಮನೆಯವರು "ನೆಪ" ಎನ್ನುತ್ತಾರೆ.

ನೆಪವಲ್ಲ. ನೀವೇ ಕಂಡಿರುವ ಒಂದು ಉದಾಹರಣೆ ಹೇಳುತ್ತೇನೆ. ಕೆಚ್ಚಲು ಬಾವು ಪೂರ್ತಿ ವಾಸಿಯಾಗಿರುತ್ತದೆ, ಹಾಲಿನಲ್ಲಿ ಗಡ್ಡೆ ಇಲ್ಲ, ಊತ ಇಲ್ಲ. ಆದರೂ ಆ ಮೊಲೆ ಮುಟ್ಟಿದರೆ ಹಸು ಒದೆಯುತ್ತದೆ. ಹಸು ನಾಟಕ ಆಡುತ್ತಿದೆ ಎಂದು ನೀವು ಯಾರೂ ಹೇಳುವುದಿಲ್ಲ. ಬಹಳ ದಿನ ನೋವು ಸಾಗಿಸಿದ ನರ ಚುರುಕಾಗಿಬಿಟ್ಟಿರುತ್ತದೆ, ಸಣ್ಣ ಸ್ಪರ್ಶವನ್ನೂ ನೋವೆಂದು ಮಿದುಳಿಗೆ ಹೇಳುತ್ತದೆ. ಮನುಷ್ಯರಲ್ಲೂ ಹೀಗಾಗುತ್ತದೆ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ, ಚಳಿ ಬಿದ್ದರೆ, ಒಂದು ದಿನ ಅತಿಯಾಗಿ ದುಡಿದರೆ ಅಂಥ ನರ ಮತ್ತೆ ಕೆರಳುತ್ತದೆ. ಹಾಗೆ ಕೆರಳಿದಾಗ ಹೊಸದಾಗಿ ಏನೋ ಮುರಿದಿದೆ ಎಂದೇ ಅರ್ಥವಲ್ಲ. ಇದು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಗಾಬರಿ ಇಳಿದರೆ ಬಿಗಿದ ಸ್ನಾಯುವೂ ಸ್ವಲ್ಪ ಸಡಿಲ.

ಒಳ್ಳೆಯ ದಿನವೇ ಮೋಸ ಮಾಡುವುದು

ನೋವು ಇಳಿದ ದಿನ ನಾವೇನು ಮಾಡುತ್ತೇವೆ? ನಾಲ್ಕು ದಿನದಿಂದ ಬಾಕಿ ಇದ್ದದ್ದನ್ನೆಲ್ಲ ಒಂದೇ ದಿನ ಮುಗಿಸುತ್ತೇವೆ. ಎರಡು ಹೊರೆ ಸೀಮೆ ಹುಲ್ಲು, ತಿಪ್ಪೆಗೆ ಹತ್ತು ಮಂಕರಿ ಸಗಣಿ, ಕೊಟ್ಟಿಗೆ ತೊಳೆದು, ಕಂಬಳಿ ಒಗೆದು, ಸಾಲದ್ದಕ್ಕೆ ನೆಂಟರಿಗೆ ಒಬ್ಬಟ್ಟು. ಮಾರನೆಯ ಬೆಳಿಗ್ಗೆ ಮತ್ತೆ ಹಾಸಿಗೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ ಒಳ್ಳೆಯ ದಿನಗಳು ಬರಬರುತ್ತಾ ಕಡಿಮೆಯಾಗುತ್ತವೆ.

ಇದಕ್ಕೆ ಮದ್ದು ಅಳತೆ. ಪಶು ಆಹಾರವನ್ನು ಹಾಲಿನ ಲೆಕ್ಕಕ್ಕೆ ಅಳೆದು ಹಾಕುತ್ತೀರಲ್ಲ, ಕೆಲಸವನ್ನೂ ಹಾಗೇ ಅಳೆಯಬೇಕು. ನೋವು ಹೆಚ್ಚಿದ್ದ ದಿನ ಮತ್ತು ಕಡಿಮೆ ಇದ್ದ ದಿನ ಎರಡರಲ್ಲೂ ಮಾಡಬಹುದಾದಷ್ಟು ಕೆಲಸ ಎಷ್ಟು ಎಂದು ಎರಡು ವಾರ ಗಮನಿಸಿ. ಡೇರಿಯ ಹಾಲಿನ ಪುಸ್ತಕದ ಹಿಂದಿನ ಪುಟ ಸಾಕು. ಬೆಳಿಗ್ಗೆ ಏನು ಮಾಡಿದಿರಿ, ರಾತ್ರಿ ನೋವು ಹತ್ತಕ್ಕೆ ಎಷ್ಟು, ನಿದ್ದೆ ಬಂತೋ ಇಲ್ಲವೋ. ಎರಡು ವಾರದಲ್ಲಿ ನಿಮ್ಮ ನೋವು ಯಾವುದಕ್ಕೆ ಕೆರಳುತ್ತದೆ ಎಂದು ಕಾಣುತ್ತದೆ. ಒಬ್ಬರಿಗೆ ಅದು ಹುಲ್ಲಿನ ಹೊರೆ. ಇನ್ನೊಬ್ಬರಿಗೆ 50 ಕೆಜಿಯ ಫೀಡ್ ಮೂಟೆ ಎಳೆಯುವುದು. ನಾನು ನೋಡಿದ ಒಬ್ಬ ಅಕ್ಕನಿಗೆ ಕೊಟ್ಟಿಗೆ ಕೆಲಸ ಯಾವುದೂ ಅಲ್ಲ, ಸಂಜೆ ಕೂತು ಎರಡು ಗಂಟೆ ಹುಣಸೆಹಣ್ಣು ಬಿಡಿಸುವುದು.

ಗೊತ್ತಾದ ಮೇಲೆ ಆ ಕೆಲಸ ಬಿಡಬೇಕಿಲ್ಲ, ಒಡೆಯಬೇಕು. 30 ಕೆಜಿ ಹೊರೆ ಒಂದು ಸಲ ಹೊರುವ ಬದಲು 10 ಕೆಜಿ ಮೂರು ಸಲ. ಮೂಟೆ ಎಳೆಯುವ ಬದಲು ಸಂಘದಿಂದ ಬಂದ ದಿನವೇ ಡ್ರಮ್ಮಿಗೆ ಸುರಿಸಿಕೊಂಡು ಬಕೆಟ್‌ನಲ್ಲಿ ತೆಗೆಯುವುದು. ಇಪ್ಪತ್ತು ನಿಮಿಷ ಬಗ್ಗಿದರೆ ಐದು ನಿಮಿಷ ನೆಟ್ಟಗೆ ನಿಲ್ಲುವುದು, ನೋವು ಇಲ್ಲದ ದಿನವೂ. ಕೊನೆಯ ಮಾತು ಮುಖ್ಯ. ನೋವು ಬಂದ ಮೇಲೆ ಕೂರುವುದು ಶಿಕ್ಷೆಯಾಗುತ್ತದೆ, ಬರುವ ಮುಂಚೆ ಕೂತರೆ ಅದು ಲೆಕ್ಕ.

ಕೆರಳಿದ ಮೊದಲ ಮೂರು ದಿನ

ಇಷ್ಟು ಮಾಡಿದರೂ ನೋವು ಕೆರಳುವ ದಿನ ಬರುತ್ತದೆ. ಆ ದಿನ ಏನು ಮಾಡಬೇಕೆಂದು ಆ ದಿನವೇ ಯೋಚಿಸಲು ಹೋದರೆ ತಲೆ ಓಡುವುದಿಲ್ಲ. ಮೊದಲೇ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಡಿ: ಯಾರಿಗೆ ಫೋನ್ ಮಾಡಬೇಕು, ಡಾಕ್ಟರು ಬರೆದ ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಹಸುವಿಗೆ ಎಷ್ಟು ಫೀಡ್, ಯಾವುದು ಒದೆಯುತ್ತದೆ, ಯಾವುದಕ್ಕೆ ಕರು ಬಿಟ್ಟರೆ ಮಾತ್ರ ಹಾಲು ಇಳಿಯುತ್ತದೆ.

ಮೊದಲ ದಿನ ಮಲಗಬಹುದು. ಆದರೆ ಪೂರ್ತಿ ಮಲಗಿಯೇ ಇರಬಾರದು. ಸೊಂಟನೋವಿಗೆ ವಾರಗಟ್ಟಲೆ ಹಾಸಿಗೆ ಎಂಬುದು ಹಳೆಯ ಮಾತು. ಒಂದೆರಡು ದಿನ ಮೀರಿ ಮಲಗಿದರೆ ಸ್ನಾಯು ಸೋತು ನೋವು ಇನ್ನೂ ಬಿಗಿಯುತ್ತದೆ ಎಂಬುದು ಈಗಿನ ವೈದ್ಯರ ಸಲಹೆ. ಗಂಟೆಗೊಮ್ಮೆ ಎದ್ದು ಹಟ್ಟಿಯಲ್ಲಿ ನಾಲ್ಕು ಹೆಜ್ಜೆ ಹಾಕಿ. ಸಯಾಟಿಕ ಇರುವವರು ಅಂಗಾತ ಮಲಗಿ ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ, ಇಲ್ಲವೇ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಎಷ್ಟೋ ಜನರಿಗೆ ಹಿತ.

ಬಿಗಿದ ಸ್ನಾಯುವಿಗೆ ಶಾಖ ಒಳ್ಳೆಯದು. ಬಿಸಿನೀರಿನ ಚೀಲವೋ, ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿದ ಗಂಟೋ, ಹದಿನೈದು ಇಪ್ಪತ್ತು ನಿಮಿಷ. ಒಂದು ಎಚ್ಚರಿಕೆ: ಜೋಮು ಹಿಡಿದ ಜಾಗಕ್ಕೆ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಪಾದಕ್ಕೆ ಶಾಖ ಕೊಡಲೇಬಾರದು, ಬೊಬ್ಬೆ ಎದ್ದು ಹುಣ್ಣಾಗುತ್ತದೆ. ಉಸಿರನ್ನು ನಿಧಾನವಾಗಿ ಒಳಗೆ ಎಳೆದು ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು ಸಣ್ಣ ವಿಷಯ ಅನಿಸಬಹುದು. ನೋವಿನ ಅಲೆ ಏರುವಾಗ ಹಿಡಿದುಕೊಳ್ಳಲು ಅದೊಂದು ಕಂಬ.

ಮೂರನೆಯ ದಿನಕ್ಕೆ ಹಗುರ ಕೆಲಸ. ಎಂದಿನ ಕೆಲಸದ ಅರ್ಧದಿಂದ ಶುರು ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ.

ಹಸುವಿಗೂ ಇನ್ನೊಂದು ಕೈ ಪರಿಚಯ ಇರಲಿ

ಎಲ್ಲಕ್ಕಿಂತ ದೊಡ್ಡ ಚಿಂತೆ ಇದು: ನಾನು ಮಲಗಿದರೆ ಕರೆಯುವವರು ಯಾರು? ದಿನಕ್ಕೆ 15 ಲೀಟರ್ ಕೊಡುವ ಮಿಶ್ರತಳಿ ಹಸುವನ್ನು ಒಂದು ಹೊತ್ತು ಕರೆಯದೆ ಬಿಡುವ ಹಾಗಿಲ್ಲ. ಕೆಚ್ಚಲು ಬಿಗಿದು ಬಾವಿಗೆ ದಾರಿಯಾಗುತ್ತದೆ. ಅದಕ್ಕೇ ಜ್ವರ ಬಂದರೂ ನೀವು ಏಳುವುದು.

ನಾಟಿ ಹೊತ್ತಿನಲ್ಲಿ ಮುಯ್ಯಾಳು ಹೋಗುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ನೀನು ನನ್ನ ಹೊಲಕ್ಕೆ, ನಾನು ನಿನ್ನ ಹೊಲಕ್ಕೆ. ಹಾಲು ಕರೆಯುವುದಕ್ಕೂ ಅದನ್ನೇ ಮಾಡಿ. ಡೇರಿ ಸಾಲಿನಲ್ಲಿ ದಿನಾ ಜೊತೆಗೆ ನಿಲ್ಲುವ ಇಬ್ಬರು ಮೂವರು ಮಾತಾಡಿಕೊಳ್ಳಿ. ಆದರೆ ಮಾತಾಡಿಕೊಂಡರಷ್ಟೇ ಸಾಲದು, ಹಸು ಒಪ್ಪಬೇಕು. ಹಾಲು ಇಳಿಸುವ ಚೋದಕ ಹಸು ನೆಮ್ಮದಿಯಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಗುರುತಿಲ್ಲದ ಕೈ ಬಿದ್ದರೆ ಬೆದರಿ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ನೀವು ಚೆನ್ನಾಗಿರುವಾಗಲೇ ವಾರಕ್ಕೆ ಒಂದು ಹೊತ್ತು ಆ ಇನ್ನೊಬ್ಬರಿಂದ ಕರೆಸಿ, ನೀವು ಪಕ್ಕದಲ್ಲಿ ನಿಂತಿರಿ. ಮನೆಯ ಗಂಡಸರಿಗೂ ಮಗನಿಗೂ ಭಾನುವಾರ ಕಲಿಸಬಹುದು. ಕರೆಯುವ ಕೈಗೆ ಹೆಣ್ಣು ಗಂಡು ಎಂಬುದಿಲ್ಲ, ಹಸು ಅದನ್ನು ಕೇಳುವುದೂ ಇಲ್ಲ. ಹಾಲು ಇಳಿಯಲಿಲ್ಲವೆಂದು ಆಕ್ಸಿಟೋಸಿನ್ ಚುಚ್ಚುಮದ್ದು ಮಾತ್ರ ಬೇಡ.

ಇನ್ನೊಂದು ಉಪಾಯ ನಮ್ಮ ಕೈಯಲ್ಲೇ ಇದೆ. ಮನೆಯ ಎರಡು ಮೂರು ಹಸುಗಳು ಒಂದೇ ತಿಂಗಳು ಕರು ಹಾಕಿದರೆ ಹಾಲಿನ ಹೊರೆ, ಕರುಗಳ ಆರೈಕೆ, ರಾತ್ರಿ ನಿದ್ದೆಗೇಡು ಎಲ್ಲ ಒಟ್ಟಿಗೇ ಬರುತ್ತದೆ. ಗರ್ಭ ಕಟ್ಟಿದ ಸುಮಾರು 280 ದಿನಕ್ಕೆ ಹಸು ಈಯುತ್ತದೆ. ಕೃತಕ ಗರ್ಭಧಾರಣೆ ಮಾಡಿಸುವಾಗ "ನನಗೆ ಚಳಿಗಾಲದಲ್ಲಿ ಸೊಂಟ ಕೆರಳುತ್ತದೆ, ಎರಡೂ ಒಟ್ಟಿಗೆ ಈಯುವುದು ಬೇಡ" ಎಂದು ನಮಗೆ ಹೇಳಿ. ಒಂದು ಬೆದೆ ಬಿಟ್ಟು ಮುಂದಿನ ಬೆದೆಗೆ ಹಾಕಬಹುದೇ ಎಂದು ನೋಡಿ ಹೇಳುತ್ತೇವೆ. ಈಯಲು ಎರಡು ತಿಂಗಳು ಇರುವ ಹಸುವನ್ನು ಇನ್ನೂ ಕರೆಯುತ್ತಿದ್ದರೆ ಬತ್ತಿಸಿಬಿಡಿ. ಅದು ಹಸುವಿಗೂ ಒಳ್ಳೆಯದು, ನಿಮ್ಮ ಕೈಗೂ ಬಿಡುವು.

ಹೆಬ್ಬೆರಳು ಮಡಿಚಬೇಡಿ

ನಮ್ಮ ಕಡೆ ಬಹಳ ಜನ ಹೆಬ್ಬೆರಳನ್ನು ಅಂಗೈ ಒಳಗೆ ಮಡಿಚಿ, ಅದರ ಗಿಣ್ಣಿಗೆ ಮೊಲೆ ಒತ್ತಿ ಕರೆಯುತ್ತಾರೆ. ಹಸುವಿನ ಮೊಲೆಗೆ ಒಳಗಾಯ ಆಗುತ್ತದೆಂದು ಪಶುವೈದ್ಯರು ಇದನ್ನು ಬೇಡವೆನ್ನುತ್ತಾರೆ. ನಿಮ್ಮ ಹೆಬ್ಬೆರಳಿನ ಬುಡಕ್ಕೂ ಮಣಿಕಟ್ಟಿಗೂ ಬೀಳುವ ಒತ್ತಡವೂ ಇದರಲ್ಲಿ ಹೆಚ್ಚು. ಸರಿಯಾದದ್ದು ಪೂರ್ಣಹಸ್ತ ವಿಧಾನ. ಹೆಬ್ಬೆರಳು ತೋರುಬೆರಳಿನಿಂದ ಮೊಲೆಯ ಬುಡ ಮುಚ್ಚಿ, ಉಳಿದ ಬೆರಳುಗಳನ್ನು ಒಂದಾದ ಮೇಲೊಂದು ಒತ್ತುತ್ತಾ ಬರಬೇಕು. ಮಣಿಕಟ್ಟು ನೆಟ್ಟಗಿರಬೇಕು. ಕುಕ್ಕರಗಾಲಲ್ಲಿ ಕೂರುವ ಬದಲು ಗಿಡ್ಡ ಸ್ಟೂಲು. ಕೆಚ್ಚಲು ತೊಳೆದ ಮೇಲೆ ಹಾಲು ಇಳಿಯುವ ಹೊತ್ತು ಐದಾರು ನಿಮಿಷ ಮಾತ್ರ. ಕೈ ನೋವಿರುವವರು ನಿಧಾನಕ್ಕೆ ಕರೆದರೆ ಹಾಲು ಒಳಗೇ ಉಳಿಯುತ್ತದೆ. ಅಂಥ ದಿನ ಎರಡು ಮೊಲೆ ನೀವು, ಎರಡು ಮೊಲೆ ಇನ್ನೊಬ್ಬರು ಏಕಕಾಲಕ್ಕೆ ಕರೆಯಿರಿ. ಮೂರು ನಾಲ್ಕು ಹಸು ಇರುವವರು ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಕ್ಕೆ ಸಹಾಯಧನ ಇದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಯಂತ್ರ ಸೋಮಾರಿಗಳಿಗೆ ಎಂಬ ಮಾತನ್ನು ಸಾಮಾನ್ಯವಾಗಿ ಒಂದು ದಿನವೂ ಕರೆಯದವರೇ ಹೇಳುವುದು.

ರಾತ್ರಿ ಜೋಮು ಹಿಡಿಯುವವರಿಗೆ ಮಣಿಕಟ್ಟು ಮಡಿಯದಂತೆ ಹಿಡಿಯುವ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಮಲಗುವಾಗ ಕಟ್ಟಿಕೊಳ್ಳುವುದು. ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವವರಿಗೆ ಈ ತೊಂದರೆ ಹೆಚ್ಚು, ಅವನ್ನೂ ಪರೀಕ್ಷೆ ಮಾಡಿಸಿ. ಬಿ12 ಜೀವಸತ್ವ ಕಡಿಮೆಯಾದರೂ ಕೈಕಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ. ಮಾಂಸ ಮೊಟ್ಟೆ ತಿನ್ನದವರಿಗೆ ಅದು ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಇದ್ದ ಹಾಲನ್ನೆಲ್ಲ ಡೇರಿಗೆ ಅಳೆದು, ತಾವು ಕರಿ ಕಾಫಿ ಕುಡಿಯುವ ಮನೆಗಳು ನನಗೆ ಗೊತ್ತು. ಒಂದು ಲೋಟ ನಿಮಗೂ ಇರಲಿ.

ಮಾತ್ರೆಯ ವಿಚಾರ

ಅಂಗಡಿಯಲ್ಲಿ "ಸೊಂಟನೋವಿಗೆ ಕೊಡಿ" ಎಂದರೆ ಕೊಡುವ ಮಾತ್ರೆಗಳನ್ನು ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಹೆಸರಿಲ್ಲದ ಪುಡಿ, ಬಣ್ಣದ ಮಾತ್ರೆಗಳಲ್ಲಿ ಸ್ಟಿರಾಯ್ಡ್ ಇರಬಹುದು. ಒಂದೇ ದಿನದಲ್ಲಿ ಹಾರಿ ಕುಣಿಯುವಂತೆ ಮಾಡಿದರೆ ಅನುಮಾನಿಸಿ. ನರದ ನೋವಿಗೆ ವೈದ್ಯರು ಕೆಲವೊಮ್ಮೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಬರೆಯುತ್ತಾರೆ. ಇವು ಮೂರ್ಛೆರೋಗಕ್ಕೆ, ಖಿನ್ನತೆಗೆ ಕೊಡುವ ಮಾತ್ರೆಗಳು ಎಂದು ಯಾರೋ ಓದಿ ಹೇಳಿದರೆ ಹೆದರಬೇಡಿ. ಕೆರಳಿದ ನರವನ್ನು ತಣಿಸಲೂ ಇವನ್ನೇ ಕೊಡುತ್ತಾರೆ. ಗುಣ ಕಾಣಲು ವಾರಗಳು ಬೇಕು. ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬಾರದು. ಶುರುವಿನ ದಿನಗಳಲ್ಲಿ ಮಂಪರು ಬರುತ್ತದೆ, ಆಗ ಮೇವು ಕತ್ತರಿಸುವ ಯಂತ್ರದ ಬಳಿ ಹೋಗಬೇಡಿ.

ಫಿಸಿಯೋಥೆರಪಿ ಬಗ್ಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವು ಇರುವವರಿಗಾಗಿ ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಮತ್ತೆ ಬಂದಿದೆ. ಅದು ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ, ತಿಂಗಳ ಮಾತ್ರೆಗಲ್ಲ. ನೋಂದಣಿಯ ಕೊನೆಯ ದಿನ ತಪ್ಪಿಸಿಕೊಳ್ಳಬೇಡಿ.

ಇವಕ್ಕೆ ಕಾಯಬೇಡಿ

ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ಎಳೆಯುವಂತಾದರೆ ಅದೇ ದಿನ ಆಸ್ಪತ್ರೆ. ಎಡಭುಜ, ದವಡೆ, ಎದೆಯಲ್ಲಿ ನೋವು ಬಂದು ಬೆವರಿದರೆ, ಮುಖ ಅಥವಾ ಒಂದು ಕಡೆಯ ಕೈಕಾಲು ಸೋತರೆ 108ಕ್ಕೆ ಫೋನ್ ಮಾಡಿ. "ಸಂಜೆ ಹಾಲು ಹಾಕಿ ಬರ್ತೀನಿ" ಎನ್ನುವ ಹೊತ್ತಲ್ಲ ಅದು.

ನಮ್ಮ ಜಿಲ್ಲೆಯದೇ ಆದ ಒಂದು ಕಾರಣ ಕೊಳವೆಬಾವಿ ನೀರು. ಕೋಲಾರದ ಆಳದ ನೀರಿನಲ್ಲಿ ಬಹಳ ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಹೆಚ್ಚು ಸೇರಿದರೆ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ, ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಮನೆಯ ದನಗಳ ಹಲ್ಲಿನಲ್ಲಿ ಕಂದು ಪಟ್ಟೆ, ಸವೆತ ಕಂಡರೆ ನಮಗೂ ತೋರಿಸಿ.

ಕೊನೆಯದು ನನ್ನ ಇಲಾಖೆಯ ಕಾಯಿಲೆ, ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. ಹಸು ಆರೇಳು ತಿಂಗಳಿಗೆ ಕಂದು ಹಾಕಿದಾಗ ಬರಿಗೈಯಲ್ಲಿ ಸತ್ತ ಕರುವನ್ನೋ ಮಾಸನ್ನೋ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಇದು ಅಂಟುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು, ಸುಸ್ತು ತಿಂಗಳುಗಟ್ಟಲೆ ಇರುತ್ತವೆ. ಎಷ್ಟೋ ಸಲ ವಾತ, ವಯಸ್ಸು ಎಂದು ಕಳೆದುಹೋಗುತ್ತದೆ. ನಿಮ್ಮ ನೋವಿನ ಜೊತೆ ಜ್ವರವೂ ಇದ್ದರೆ, "ನಮ್ಮ ಮನೆ ಹಸು ಕಂದು ಹಾಕಿತ್ತು" ಎಂಬ ಒಂದು ಮಾತನ್ನು ಡಾಕ್ಟರಿಗೆ ಹೇಳಿ. ಅವರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಇದಕ್ಕೆ ವಾರಗಟ್ಟಲೆ ತೆಗೆದುಕೊಳ್ಳಬೇಕಾದ ಸರಿಯಾದ ಔಷಧ ಇದೆ, ನೋವಿನ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ. ಕಂದು ಹಾಕಿದಾಗ ಕೈಗವಸು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಸುತ್ತಿಕೊಳ್ಳಿ. ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಎಸೆಯಬೇಡಿ. ಬಸುರಿ ಹೆಂಗಸರು ಹತ್ತಿರ ಹೋಗಬಾರದು. ನಮಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ.

ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಮಾತ್ರ ಹಾಕುವ ಕಂದು ರೋಗದ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ಆ ವಯಸ್ಸಿನ ಕರು ನಿಮ್ಮಲ್ಲಿದ್ದರೆ ಈ ವಾರ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ, ಕರುವಿನ ಕಿವಿಯೋಲೆ ಸಂಖ್ಯೆಯನ್ನೂ ಕೊಡಿ. ಓಲೆ ಹಾಕಿಸಿರದಿದ್ದರೆ ಅದನ್ನೂ ಅವತ್ತೇ ಹಾಕುತ್ತೇವೆ.